ಗೋವಿನಕೋವಿಯ ಕೂಸಿನ ಗುರುವಾರ

ಕಣ್ಣಿನ ಡಾಕ್ಟರೊಬ್ಬರ ಹತ್ತಿರ ರೋಗಿಗಳಿಗೆ ದಿನ ಗೊತ್ತುಮಾಡುವುದು ನನ್ನ ಕೆಲಸ. ಸೋಮವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು, ಉಳಿದ ದಿನ ಚನ್ನಗಿರಿ. ಚನ್ನಗಿರಿಯ ಮೇಜಿನ ಮೇಲೆ ಒಂದು ಕಂಪ್ಯೂಟರ್, ಊರೂರಿಗೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಟ್ಯಾಬ್. ಎರಡರಲ್ಲೂ ಒಂದೇ ಕ್ಯಾಲೆಂಡರ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತಾನಾಗಿ ಮೂಡಬೇಕು. ಮೂಡುತ್ತಲೂ ಇತ್ತು, ಆ ಬೇಸಿಗೆಯವರೆಗೆ.

ನಾನು ಮಾತು ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ ಕೂತು. ಅವಳ ಬಾಯಲ್ಲಿ ತಾರೀಖು ಎಂಬುದೇ ಬರುತ್ತಿರಲಿಲ್ಲ. ‘ಕರಿ ಎಮ್ಮೆ ಈದ ಮಾರನೇ ದಿನ, ನಿಮ್ಮ ದೊಡ್ಡತ್ತೆ ಮುನಿಸಿಕೊಂಡು ಹೋದ ವಾರ’ ಎಂದು ಜನ, ದನ, ಜಗಳ ಎಲ್ಲವನ್ನೂ ಕಟ್ಟಿ ದಿನ ಹೇಳುತ್ತಿದ್ದಳು. ಹಾಗೆ ಹೇಳಿದ ದಿನ ಯಾರಿಗೂ ಮರೆಯುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಒಂದು ಉದ್ದನೆಯ ಪುಸ್ತಕದಲ್ಲಿ ಹಾಗೇ ಬರೆಯುತ್ತಿದ್ದೆ: ‘ಹೊಳೆದಂಡೆಯ ಅಜ್ಜ, ಎಡಗಣ್ಣು, ಮಗಳು ಕರೆತರುತ್ತಾಳೆ, ಮಗನ ಮೇಲೆ ಸಿಟ್ಟು.’ ಕ್ಯಾಲೆಂಡರ್ ಬಂದ ಮೇಲೆ ಪುಸ್ತಕ ಕಪಾಟು ಸೇರಿತು. ಬರೆದಾಯಿತಲ್ಲ ಎಂದು ನನ್ನ ನೆನಪೂ ಸೋಮಾರಿಯಾಯಿತು.

ಆ ಹೊಳೆದಂಡೆಯ ಅಜ್ಜ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮಗಳು ಫೋನಿನಲ್ಲಿ ಅಳುತ್ತಾ ಹೇಳಿದ್ದಳು, ನಾನು ಅವರ ಸಾಲನ್ನು ಅಳಿಸಿದ್ದೆ. ಬೇಸಿಗೆಯ ಒಂದು ಸೋಮವಾರ ಹೊನ್ನಾಳಿಯಲ್ಲಿ ಟ್ಯಾಬ್ ಟಿಣ್ ಎಂದಿತು. ‘ಹೊಳೆದಂಡೆಯ ಅಜ್ಜ, ಹನ್ನೊಂದು ಗಂಟೆ.’

ಡಾಕ್ಟರಿಗೆ ತೋರಿಸಿದೆ. “ಬಂದ್ರೆ ಕೂರಿಸ್ರಿ, ನೋಡಣ,” ಎಂದು ನಕ್ಕರು. ನಾನೂ ನಕ್ಕೆ. ಆದರೆ ಹನ್ನೊಂದು ಹೊಡೆದಾಗ ನನ್ನ ಕಣ್ಣು ಬಾಗಿಲ ಕಡೆ ಹೋದದ್ದು ಸುಳ್ಳಲ್ಲ. ಅಲ್ಲಿಂದ ಶುರುವಾಯಿತು. ಕಂಪ್ಯೂಟರಿನಲ್ಲಿ ಇದ್ದವರು ಟ್ಯಾಬಿನಲ್ಲಿ ಇರುತ್ತಿರಲಿಲ್ಲ. ಟ್ಯಾಬಿನಲ್ಲಿ ಒಬ್ಬಳೇ ಮುದುಕಿ ಎರಡು ಕಡೆ ಕೂತಿರುತ್ತಿದ್ದಳು.

ಅಂಥ ದಿನಗಳಲ್ಲೇ ಗೋವಿನಕೋವಿಯ ಕೂಸು ನಮ್ಮ ಕೈಗೆ ಬಂದದ್ದು. ಏಳು ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಆಕ್ಸಿಜನ್ ಉಂಡ ಹೆಣ್ಣುಕೂಸು. ಮನೆಗೆ ಕಳಿಸುವಾಗ ಆಸ್ಪತ್ರೆಯವರು, ಹದಿನೈದು ದಿನಕ್ಕೊಮ್ಮೆ ಕಣ್ಣು ತೋರಿಸಿ ಎಂದು ಚೀಟಿ ಬರೆದುಕೊಟ್ಟಿದ್ದರು. ಚೀಟಿ ನೋಡಿ ನಾನು ಚನ್ನಗಿರಿಯ ಕಂಪ್ಯೂಟರಿನಲ್ಲಿ ಎರಡು ವಾರಕ್ಕೊಂದು ಬುಧವಾರ, ನ್ಯಾಮತಿ, ಎಂದು ಹಾಕಿದೆ. ನಾಮಕರಣ ಆಗಿರಲಿಲ್ಲ, ಅದಕ್ಕೇ ‘ಕೂಸು, ಗೋವಿನಕೋವಿ’ ಎಂದಷ್ಟೇ.

ನ್ಯಾಮತಿಯಲ್ಲಿ ಮೊದಲ ಸಲ ನೋಡಿದ ಮೇಲೆ ಡಾಕ್ಟರು ಮನೆಯವರನ್ನೆಲ್ಲ ಎದುರಿಗೆ ಕೂರಿಸಿಕೊಂಡರು. “ಇವತ್ತಿಗೆ ಏನೂ ಇಲ್ಲ. ಆದ್ರೆ ಇಂಥ ಕೂಸುಗಳಿಗೆ ಕಣ್ಣಿನ ಹಿಂದೆ ರಕ್ತನಾಳ ಅಡ್ಡಾದಿಡ್ಡಿ ಬೆಳೆದುಬಿಡ್ತಾವೆ. ಹೊರಗಿಂದ ನಿಮಗೇನೂ ಗೊತ್ತಾಗಲ್ಲ, ಕೂಸು ನಗ್ತಾನೇ ಇರ್ತೈತೆ. ಹಿಡಿದ ಕೂಡ್ಲೆ ಲೇಸರ್ ಕೊಟ್ರೆ ಉಳಿತೈತೆ. ಒಂದ್ ವಾರ ತಡ ಆದ್ರೂ ಜೀವಮಾನ ಪೂರ್ತಿ ಕತ್ತಲೆ. ಹದಿನೈದು ದಿನಕ್ಕೆ ಮತ್ತೆ ನೋಡ್ಲೇಬೇಕು.”

ಬಾಣಂತಿ ಸೆರಗಿನಲ್ಲಿ ಕೂಸಿನ ಮುಖ ಮುಚ್ಚಿಕೊಂಡಳು. ಜಗಳೂರಿನ ಕಡೆಯಿಂದ ಬಂದಿದ್ದ ಅವಳ ತಾಯಿ ಮುಂದೆ ಬಂದರು. “ಚೊಚ್ಚಲ ಹೆರಿಗೆ, ತವರಾಗೆ ಆಗ್ಬೇಕಾಗಿತ್ತು. ಕರ್ಕೊಂಡ್ ಹೋಗಾಕೆ ಬರೋದ್ರಾಗೆ ಆಗಿಹೋತು. ಬಾಣಂತನ ಆದ್ರೂ ನಮ್ಮನ್ಯಾಗೆ ಆಗ್ಲಿ. ನಾಡಿದ್ದೇ ಕರ್ಕೊಂಡ್ ಹೋಗ್ತೀನಿ.”

ಬಾಣಂತಿಯ ಅತ್ತೆ, ಗೋವಿನಕೋವಿಯವರು, ಸುಮ್ಮನಿರಲಿಲ್ಲ. “ಯಾಕ್ರೀ ಬೀಗತ್ಯಾರೆ, ನಾವೇನ್ ನಿಮ್ಮ ಮಗಳ್ನ ಉಪವಾಸ ಕೆಡವಿದ್ವಾ?”

“ನೀವ್ ಉಣ್ಣಾಕೆ ಇಟ್ಟಿದ್ದು ಅವಳ ಮೊಣಕೈ ಮೂಳೆಯಾಗೆ ಕಾಣ್ತೈತೆ ಬಿಡ್ರಿ!”

ಆ ಹೆದರಿಕೆಯ ನಡುವೆಯೂ ಬಾಣಂತಿಗೆ ನಗು ಬಂತು. ನಾನು ಇಬ್ಬರನ್ನೂ ಸಮಾಧಾನ ಮಾಡಿ, “ಹಂಗಾದ್ರೆ ಜಗಳೂರಿಗೇ ಬರ್ರಿ, ಗುರುವಾರ ಅಲ್ಲೇ ನೋಡ್ತೀವಿ” ಎಂದೆ. ಟ್ಯಾಬಿನಲ್ಲಿ ಕೂಸಿನ ಮುಂದಿನ ಸರದಿಯ ನೀಲಿ ಚೌಕವನ್ನು ಬೆರಳಿನಿಂದ ಬುಧವಾರದಿಂದ ಗುರುವಾರಕ್ಕೆ ಎಳೆದೆ. ನ್ಯಾಮತಿ ಅಳಿಸಿ ಜಗಳೂರು ಎಂದು ಬರೆದೆ. ಅಲ್ಲಿ ಆವತ್ತು ನೆಟ್‌ವರ್ಕ್ ಇರಲಿಲ್ಲ. ಪರದೆಯ ಮೂಲೆಯಲ್ಲಿ ಸಣ್ಣ ಬಾಣವೊಂದು ಸುತ್ತುತ್ತಲೇ ಇತ್ತು.

ಊರಿಗೆ ಬಂದರೂ ಸುತ್ತುತ್ತಿತ್ತು. ಮರುದಿನ, ಅದರ ಮರುದಿನವೂ ಸುತ್ತುತ್ತಿತ್ತು. ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಟ್ಯಾಬ್ ಆರಿಸಿ ಹಚ್ಚಿದೆ, ಗಡಿಯಾರ ಸರಿಯಿದೆಯೇ ನೋಡಿದೆ, ವೈಫೈ ಬದಲಿಸಿದೆ, ಎರಡನ್ನೂ ಹೊಂದಿಸುವ ಸಿಂಕ್ ಗುಂಡಿಯನ್ನು ತೆಗೆದು ಹಾಕಿ ಮಾಡಿದೆ. ಎಂಟು ಹತ್ತು ದಿನ ಹೀಗೇ ಆಯಿತು. ಆ ಹೊತ್ತಿನಲ್ಲಿ ಹೊನ್ನಾಳಿ, ನ್ಯಾಮತಿಗಳಲ್ಲಿ ಇನ್ನಷ್ಟು ಜನರನ್ನು ಅದೇ ಟ್ಯಾಬಿನಲ್ಲಿ ಬರೆದುಕೊಂಡಿದ್ದೆ. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ರಿಪೇರಿಯವರ ಅಂಗಡಿಗೆ ಹೋದೆ.

ಆತ ಟ್ಯಾಬನ್ನು ಬೋರಲು ಹಾಕಿ, ಮಗುಚಿ, ನಕ್ಕ. “ಅಕ್ಕಾರೆ, ಇವೆರಡೂ ಅತ್ತೆ ಸೊಸೆ ಇದ್ದಂಗೆ. ಮಾತು ಬಿಟ್ಟಾವೆ. ಟ್ಯಾಬಿಂದ ಅಕೌಂಟ್ ತೆಗೆದು ಹೊರಗೆ ಹಾಕ್ರಿ, ಮತ್ತೆ ಒಳಗೆ ಕರ್ಕೊಳ್ರಿ. ಸರಿ ಹೋಗ್ತಾವೆ.”

ತೆಗೆಯಲು ಹೋದಾಗ ಟ್ಯಾಬ್ ಒಂದು ಮಾತು ಕೇಳಿತು: ಇನ್ನೂ ಕಳಿಸದ ಬದಲಾವಣೆಗಳು ಅಳಿಸಿಹೋಗಬಹುದು, ಮುಂದುವರಿಯಲೇ?

“ಏನೋ ಅಳಿಸ್ತೈತಂತೆ ನೋಡಪ್ಪ,” ಎಂದೆ.

“ಅದು ಎಲ್ರಿಗೂ ಹಂಗೇ ಹೆದರಿಸ್ತೈತೆ. ಹೂಂ ಅನ್ರಿ.”

ಹೂಂ ಅಂದೆ. ಬೆರಳು ನನ್ನದೇ.

ಅರೆಗಳಿಗೆ ಪರದೆ ಬೋಳಾಯಿತು. ಆಮೇಲೆ ಚೌಕಗಳು ಒಂದೊಂದಾಗಿ ಬಂದು ಕೂತವು. ಬಾಣ ನಿಂತಿತ್ತು. ಚನ್ನಗಿರಿಯ ಮೇಜಿಗೆ ಹೋಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆ ವ್ಯತ್ಯಾಸವಿಲ್ಲ. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಊಟ ಮಾಡಿದೆ.

ಮುಂದಿನ ಮಂಗಳವಾರ ಡಾಕ್ಟರು ಪಟ್ಟಿ ಕೇಳಿದರು. ಗುರುವಾರ ಜಗಳೂರಿಗೆ ಇದ್ದವರು ಇಬ್ಬರೇ, ಇಬ್ಬರೂ ಕನ್ನಡಕದವರು. “ಅವರಿಗೆ ಮುಂದಿನ ವಾರ ಅಂತ ಹೇಳಿಬಿಡ್ರಿ. ನಾನು ದಾವಣಗೆರೆಗೆ ಆಪರೇಷನ್‌ಗೆ ಹೋಗ್ತೀನಿ,” ಎಂದರು. ನಾನು ಇಬ್ಬರಿಗೂ ಫೋನ್ ಮಾಡಿದೆ. ಹೀಗೆ ಜಗಳೂರಿನ ಬಾಗಿಲಿಗೆ ಆ ಗುರುವಾರದ ಬೀಗವನ್ನು ನಾನೇ ಹಾಕಿಸಿದೆ.

ಬುಧವಾರ ನ್ಯಾಮತಿ. ಪಟ್ಟಿಯಲ್ಲಿ ಹತ್ತೂವರೆಗೆ ‘ಕೂಸು, ಗೋವಿನಕೋವಿ.’ ಹತ್ತೂವರೆ ಆಯಿತು, ಹನ್ನೆರಡಾಯಿತು. ಕೂಸಿನ ಅಪ್ಪನ ಫೋನ್ ಸ್ವಿಚ್ ಆಫ್. ಡಾಕ್ಟರು ಎರಡು ಸಲ ಹೊರಗೆ ಬಂದು ಬೆಂಚು ನೋಡಿ ಹೋದರು. “ಅಷ್ಟು ಹೇಳಿದ್ರೂ ಬರ್ಲಿಲ್ಲ ನೋಡ್ರಿ ಜನ,” ಎಂದರು. ಹೌದು ಸಾರ್ ಎಂದೆ. ಒಳಗೆ ಮಾತ್ರ ಏನೋ ಕುಟುಕುತ್ತಿತ್ತು. ಏನೆಂದು ಕೈಗೆ ಸಿಗುತ್ತಿರಲಿಲ್ಲ. ಹಳೆಯ ಪುಸ್ತಕವಾಗಿದ್ದರೆ ‘ಬೀಗತಿಯರ ಜಗಳ, ಮೊಣಕೈ ಮಾತು, ತವರಿಗೆ’ ಎಂದು ಬರೆದಿರುತ್ತಿದ್ದೆ. ಈ ಚೌಕದಲ್ಲಿ ಎರಡೇ ಪದ.

ಒಂದು ಗಂಟೆಯ ಹೊತ್ತಿಗೆ ಗೋವಿನಕೋವಿಯ ಅತ್ತೆ ಒಬ್ಬರೇ ಬಂದರು, ಹೊಸ ಕನ್ನಡಕ ಮೂಗು ಒತ್ತುತ್ತದೆ ಎಂದು. ನಾನು ಮೇಲೆ ಬಿದ್ದೆ. “ನಿಮ್ಮ ಮೂಗು ಹಾಳಾಗ್ಲಿ, ಕೂಸು ಎಲ್ರೀ? ಬೆಳಗ್ಗಿಂದ ಕಾಯ್ತಾ ಇದೀವಿ!”

ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಅಯ್ಯೋ ಶಿವನೇ, ನೀವೇ ಅಲ್ಲೇನ್ರಿ ಜಗಳೂರಿಗೆ ಬರ್ರಿ ಅಂದಿದ್ದು? ಕೂಸು ತವರಾಗೈತೆ. ನಾಳೆ ಬೆಳಗ್ಗೆ ಬರ್ತಾರೆ ಅಲ್ಲಿಗೆ. ಮರ್ತೇಬಿಟ್ರಾ?”

ಎಲ್ಲ ಒಮ್ಮೆಗೇ ನೆನಪಾಯಿತು. ಸುತ್ತುತ್ತಿದ್ದ ಬಾಣ, ಹೂಂ ಅಂದ ಬೆರಳು, ಅದರೊಂದಿಗೆ ಅಳಿಸಿಹೋದ ಗುರುವಾರ. ಈಕೆಯ ಮೂಗು ಒತ್ತದೇ ಇದ್ದಿದ್ದರೆ? ನಾಳೆ ಬಾಣಂತಿ, ಅವಳ ತಾಯಿ ಜಗಳೂರಿನ ಮುಚ್ಚಿದ ಬಾಗಿಲ ಮುಂದೆ ಕೂತು, ಕಾದು, ಡಾಕ್ಟರು ಬರಲಿಲ್ಲವೆಂದು ಎದ್ದು ಹೋಗುತ್ತಿದ್ದರು. ಮುಂದಿನ ವಾರ ಬರೋಣ ಎಂದುಕೊಳ್ಳುತ್ತಿದ್ದರು.

ಡಾಕ್ಟರಿಗೆ ಹೇಳಿದೆ, ಏನನ್ನೂ ಮುಚ್ಚಿಡದೆ. ಅವರು ಕೈಯಲ್ಲಿದ್ದ ಟಾರ್ಚನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ದಾವಣಗೆರೆಗೆ ಫೋನ್ ಮಾಡಿ ಆಪರೇಷನ್ ಮುಂದಕ್ಕೆ ಹಾಕಿಸಿದರು. ಆಮೇಲೆ ಕೇಳಿದರು, “ಆ ಹತ್ತು ದಿನದಾಗೆ ಟ್ಯಾಬಿನಾಗೆ ಇನ್ನ್ಯಾರನ್ನ ಬರ್ದಿದ್ರಿ?”

ನಾನು ಟ್ಯಾಬ್ ತೆರೆದು ಮುಂದಿನ ದಿನಗಳನ್ನು ಒಂದೊಂದಾಗಿ ಸರಿಸಿದೆ, ಆಗ ಬರೆದ ಹೆಸರು ಒಂದೂ ಉಳಿದಿರಲಿಲ್ಲ.

ಗುರುವಾರ ನಾವು ಮುಟ್ಟುವ ಹೊತ್ತಿಗೆ ತಾಯಿ ಮಗಳು ಜಗಳೂರಿನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತಿದ್ದರು. ಬಾಣಂತಿ ಕಿವಿಗೆ ಬಟ್ಟೆ ಬಿಗಿದುಕೊಂಡಿದ್ದಳು, ಕೂಸಿನ ಕೆನ್ನೆಗೆ ಕಾಡಿಗೆಯ ದೊಡ್ಡ ಬೊಟ್ಟು. “ಬೀಗ ನೋಡಿ ಎದೆ ಧಸಕ್ ಅಂತು,” ಎಂದರು ಬಾಣಂತಿಯ ತಾಯಿ, ಕೂಸಿನ ಅಜ್ಜಿ. “ಇವಳು ವಾಪಸ್ ಹೋಗಣ ಅಂತಿದ್ಲು. ಆ ಅಮ್ಮಾರು ಬಾಯಿಬಿಟ್ಟು ಹೇಳ್ಯಾರೆ, ಬಂದೇ ಬರ್ತಾರೆ ಅಂತ ನಾನೇ ಕೂರಿಸ್ದೆ.” ನಾನು ತಲೆ ತಗ್ಗಿಸಿ ಬೀಗ ತೆಗೆದೆ.

ಕೂಸಿನ ಕಣ್ಣರೆಪ್ಪೆ ಬಿಡಿಸಿ ಡಾಕ್ಟರು ಬಗ್ಗಿದರು. ಕೂಸಿನ ತಲೆ ಹಿಡಿದವಳು ನಾನು. ಬಲಗಣ್ಣು ಬೇಗ ಮುಗಿಯಿತು. ಎಡಗಣ್ಣಿನ ಮೇಲೆ ಬೆಳಕು ನಿಂತೇ ಇತ್ತು. ಕೂಸು ಅತ್ತು ಅತ್ತು ಸುಸ್ತಾಗಿ ಸುಮ್ಮನಾಯಿತು. ಬಾಗಿಲಾಚೆ ಅಜ್ಜಿಯ ಬಳೆ ಸದ್ದೂ ನಿಂತಿತು.

“ಇವತ್ತೇ,” ಎಂದರು ಡಾಕ್ಟರು. “ನನ್ನ ಗಾಡಿಯಾಗೇ ಹತ್ತಿಸ್ರಿ.”

ಮಧ್ಯಾಹ್ನ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಲೇಸರ್ ಕೊಟ್ಟರು. ಹೊರಗೆ ಬಂದು ಮುಖ ತೊಳೆಯುತ್ತಾ ಡಾಕ್ಟರು, “ಇದು ಬರೋ ವಾರಕ್ಕೆ ಹೋಗಿದ್ರೆ...” ಎಂದರು.

ಚನ್ನಗಿರಿಗೆ ಬಂದವಳೇ ಹಳೆಯ ಪುಸ್ತಕವನ್ನು ಕಪಾಟಿನಿಂದ ತೆಗೆದೆ. ಆ ಹತ್ತು ದಿನ ನನ್ನೆದುರು ಕೂತ ಮುಖಗಳನ್ನು ನೆನೆಯುತ್ತಾ, ನೆನಪಾದವರಿಗೆಲ್ಲ ಫೋನ್ ಮಾಡಿದೆ. ಏಳು ಜನ ಸಿಕ್ಕರು. ಹಸಿರು ಶಾಲು ಹೊದ್ದ ಒಬ್ಬ ಹೆಂಗಸಿನ ಮುಖ ನೆನಪಿದೆ, ಹೆಸರು, ಊರು ಮಾತ್ರ ನೆನಪಿಲ್ಲ.

ಬಾಣಂತನ ಮುಗಿಸಿ ಗೋವಿನಕೋವಿಗೆ ಹೊರಟಾಗ, ಒಂದು ಮಂಗಳವಾರ, ತಾಯಿ ಮಗಳು ದಾರಿಯಲ್ಲಿ ಚನ್ನಗಿರಿಯಲ್ಲಿ ಇಳಿದರು. ಕೂಸು ಕೈತುಂಬ ಬೆಳೆದಿತ್ತು. ಡಾಕ್ಟರು ಟಾರ್ಚನ್ನು ಎಡದಿಂದ ಬಲಕ್ಕೆ ಸರಿಸಿದರು. ಎರಡು ಕಣ್ಣೂ ಅದರ ಹಿಂದೆಯೇ ಹೋದವು. “ಇನ್ನು ಆರು ತಿಂಗಳು ಬಿಟ್ಟು ಬರ್ರಿ,” ಎಂದರು. ಅಜ್ಜಿ ಕಣ್ಣೊರೆಸಿಕೊಂಡು, “ಅಮ್ಮಾರೆ, ಬರ್ಕೊಳ್ರಿ ಮತ್ತೆ,” ಎಂದರು. ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಆಗ ಟ್ಯಾಬ್ ಟಿಣ್ ಎಂದಿತು. ‘ನಾಳೆ, ನ್ಯಾಮತಿ, ಕೂಸು, ಗೋವಿನಕೋವಿ.’ ಆ ಸಾಲನ್ನು ನಾನು ಎರಡು ಸಲ ಅಳಿಸಿದ್ದೆ.

“ಏನ್ರೀ ಅದು ಕೂಗಿದ್ದು?” ಎಂದರು ಅಜ್ಜಿ.

“ಏನಿಲ್ಲಮ್ಮ,” ಎಂದು ಟ್ಯಾಬನ್ನು ಬೋರಲು ಹಾಕಿದೆ. ಹಾಕಿದರೂ ಕಿವಿ ಅದರ ಮೇಲೇ ಇತ್ತು. ಅಳಿಸಿಹೋದ ಹಸಿರು ಶಾಲಿನ ಹೆಂಗಸೂ ಯಾವತ್ತಾದರೂ ಹೀಗೆ ಪರದೆಯ ಮೇಲೆ ತಾನಾಗಿ ಎದ್ದು ಬಂದಾಳೇನೋ ಎಂದು.