ಅಕ್ಕ ನೋಡದ ಓಟ

ಮ್ಯಾರಥಾನಿನಲ್ಲಿ ನಾನು ಗೆದ್ದದ್ದನ್ನು ಕೋಲ್ಕತ್ತದ ಅರ್ಧ ಊರು ನೋಡಿದೆ. ನನ್ನ ಅಕ್ಕ ಒಮ್ಮೆಯೂ ನೋಡಿಲ್ಲ. ಹಾಗೆಂದು ಅವಳು ಬಾರದೆ ಇದ್ದವಳಲ್ಲ. ಒಂದು ಓಟವನ್ನೂ ತಪ್ಪಿಸಿಲ್ಲ. ಅವಳು ನಿಲ್ಲುತ್ತಿದ್ದ ಜಾಗವೇ ಬೇರೆ.

ಎಲ್ಲರಿಗಿಂತ ಮುಂದೆ ಓಡುವವರಿಗೆ ದಾರಿಯಲ್ಲಿ ಅಲ್ಲಲ್ಲಿ ಮೇಜು ಹಾಕಿ, ಅವರವರ ಬಾಟಲಿ ಇಡುತ್ತಾರೆ. ಕೈಗೆ ಕೊಡಲು ನಮ್ಮವರೊಬ್ಬರು ಅಲ್ಲಿರಬಹುದು. ಅಕ್ಕ ನಿಲ್ಲುತ್ತಿದ್ದದ್ದು ಮೂವತ್ತೈದನೇ ಕಿಲೋಮೀಟರಿನಲ್ಲಿ, ಕಾಲು ನಮ್ಮ ಮಾತು ಕೇಳದ ಜಾಗದಲ್ಲಿ. ಉಪ್ಪು ಹಾಕಿದ ಗಂಜಿ ತಿಳಿಯನ್ನು ಬಾಟಲಿಗೆ ತುಂಬಿ, ಗುರುತಿಗೆ ಹಳೆ ಸೀರೆಯ ಅಂಚು ಕಟ್ಟಿ ತರುತ್ತಿದ್ದಳು. ನಾನು ಕಸಿದುಕೊಂಡು ಓಡುತ್ತಿದ್ದೆ. ಅವಳ ಪಾಲಿನ ಓಟ ಅಷ್ಟೇ, ಎರಡು ಮೂರು ಸೆಕೆಂಡು. ರಸ್ತೆಗಳೆಲ್ಲ ಬಂದ್ ಆಗಿರುವುದರಿಂದ ಬಸ್ಸೂ ಇಲ್ಲ, ಆಟೋವೂ ಇಲ್ಲ. ಓಟ ಮುಗಿಯುವ ಜಾಗಕ್ಕೆ ಅವಳು ನಡೆದು ಬಂದು ಮುಟ್ಟುವಷ್ಟರಲ್ಲಿ ನಾನು ಪದಕ ಹಾಕಿಕೊಂಡು, ಶೂ ಕಳಚಿ ಕುಳಿತಿರುತ್ತಿದ್ದೆ.

"ಗೆದ್ದಿಯಂತೆ. ಕಾಲು ತೋರ್ಸು," ಎನ್ನುತ್ತಿದ್ದಳು.

ಉಡುಪಿ ಕಡೆಯಿಂದ ನನ್ನನ್ನು ಕರೆತಂದು ಕೋಲ್ಕತ್ತದ ಟಾಲಿಗಂಜಿನ ಎರಡು ಕೋಣೆಯ ಮನೆಯಲ್ಲಿ ಇಟ್ಟುಕೊಂಡವಳು ಅವಳೇ. ನಾನು ಬೆಳಿಗ್ಗೆ ಮೈದಾನದಲ್ಲಿ ಓಡುವಾಗ ಅವಳು ಅಡುಗೆ ಮುಗಿಸಿ, ಬಿಬಿಡಿ ಬಾಗ್‌ನಲ್ಲಿದ್ದ ಬ್ಯಾಂಕಿನ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿರುತ್ತಿದ್ದಳು. ಒಂದು ಸಲವಾದರೂ ಓಟ ಮುಗಿಯುವಲ್ಲಿ ನಿಲ್ಲು ಎಂದು ಕೇಳಿದ್ದೆ.

"ಅಲ್ಲಿ ನಿಂತು ಎಂತ ಮಾಡುದು ಮಾರಾಯ್ತಿ? ಚಪ್ಪಾಳೆ ತಟ್ಲಿಕ್ಕೆ ಜನ ಉಂಟು. ಇಲ್ಲಿ ಬಾಟ್ಲಿ ಕೊಡ್ಲಿಕ್ಕೆ ಯಾರುಂಟು?"

ನಾನೂ ಒತ್ತಾಯ ಮಾಡಲಿಲ್ಲ. ನನಗೆ ಗೆಲ್ಲಬೇಕಿತ್ತು, ಬೇರೆಯವರ ಕೈಯನ್ನು ನಂಬುವವಳು ನಾನಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆಮೇಲೆ ಅವಳಿಗೆ ಮಂಗಳೂರಿಗೆ ವರ್ಗವಾಯಿತು, ಅಲ್ಲೇ ನಿವೃತ್ತಿಯೂ ಆಯಿತು. ನನ್ನ ಬಲ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಇನ್ನು ಓಟ ಸಾಕು ಎಂದರು. ಸಾಲ್ಟ್ ಲೇಕಿನ ಆಫೀಸಿಗೆ ಈಗ ಎಲ್ಲರಂತೆ ಮೆಟ್ರೋ ಹಿಡಿಯುತ್ತೇನೆ. ಓಟ ಬಿಟ್ಟದ್ದಕ್ಕಿಂತ, ಅಕ್ಕ ಅದನ್ನು ನೋಡಲಿಲ್ಲವಲ್ಲ ಎನ್ನುವುದೇ ಹೆಚ್ಚು ಕಾಡುತ್ತದೆ. ಯಾರೋ ತೆಗೆದ ವಿಡಿಯೊ ಕಳಿಸಿದೆ. "ಬರೇ ಜನರ ತಲೆ ಕಾಣ್ತದೆ," ಎಂದಳು.

ಕಳೆದ ಚಳಿಗಾಲದಲ್ಲಿ ಅವಳು ಬಂದಾಗ ಒಂದು ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋದೆವು. ಎಳೆಯ ಹುಡುಗಿಯರು ಓಡುತ್ತಿದ್ದರು. ಅಕ್ಕ ಸ್ವಲ್ಪ ಹೊತ್ತು ನೋಡಿ, "ನೀನೂ ಒಮ್ಮೆ ಓಡು, ನೋಡುವ," ಎಂದಳು.

"ಮೊಣಕಾಲು ಅಕ್ಕ."

"ನಿಧಾನ ಓಡು. ನಾನೆಂತ ಗಡಿಯಾರ ಹಿಡ್ಕೊಂಡು ಬಂದಿದ್ದೇನಾ?"

ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ದೂರದ ಗೋಲ್‌ಪೋಸ್ಟಿನವರೆಗೆ ಓಡಿ, ತಿರುಗಿ ಬಂದೆ. ಬಲಗಾಲು ಎಳೆಯುತ್ತಿತ್ತು, ಕೈಗಳು ಹಿಡಿತ ತಪ್ಪಿ ಆಚೆ ಈಚೆ ಹೋಗುತ್ತಿದ್ದವು. ಅಷ್ಟಕ್ಕೇ ಏದುಸಿರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಕ್ಕನ ಕಣ್ಣು ತುಂಬಿತ್ತು.

"ಇಷ್ಟು ಚಂದ ಓಡ್ತಿದ್ದಿಯಾ ನೀನು? ನಂಗೆ ಗೊತ್ತೇ ಇರ್ಲಿಲ್ಲ."

ಹೀಗಲ್ಲ ಅಕ್ಕ, ನಾನು ಓಡುತ್ತಿದ್ದದ್ದು ಹೀಗಲ್ಲವೇ ಅಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು.

"ಹೌದು, ಹೀಗೇ," ಎಂದೆ.