ಸುಣ್ಣದ ನೀರು ಬೆಳ್ಳಗಾದರೆ ಯಾರೂ ಇಳಿಯುವಂತಿಲ್ಲ

ಬೆಳಗಿನ ಆರು ಗಂಟೆ. ಬಾಳೂರಿನ ಎಸ್ಟೇಟೊಂದರಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಪಲ್ಪರ್ ಮನೆಯ ಹಿಂದೆ, ಕಾಫಿ ಹಣ್ಣು ತೊಳೆದ ನೀರೂ ಸಿಪ್ಪೆಯೂ ಕೊಳೆಯುವ ಆಳದ ತೊಟ್ಟಿ. ಅದರ ಅಂಚಿನಲ್ಲಿ ಮೆಕ್ಯಾನಿಕ್ ಜಿಯಾಉದ್ದೀನ್ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ನೀರನ್ನು ನಿನ್ನೆಯೇ ಹೊರಬಿಟ್ಟಾಗಿದೆ. ತಳದ ಕೆಸರು ಎತ್ತಲು ಆಳು ಬೆಳ್ಳಿಯಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದಾರೆ. ಜಿಯಾಉದ್ದೀನ್ ರಬ್ಬರ್ ಪೈಪನ್ನು ಕೆಳಗಿಳಿಸಿ, ಗಾಳಿ ಊದುವ ಬದಲು ಎಳೆಯುವಂತೆ ಒಳಗಿನ ತೊಗಲಿನ ವಾಷರ್ ತಿರುಗಿಸಿ ಹಾಕಿದ ಸೈಕಲ್ ಪಂಪಿನಿಂದ ಒಳಗಿನ ಗಾಳಿ ಎಳೆದು ಸುಣ್ಣದ ತಿಳಿನೀರಿನ ಬಾಟಲಿಗೆ ಬಿಡುತ್ತಾರೆ. ನಾಲ್ಕೇ ಎಳೆತಕ್ಕೆ ನೀರು ಹಾಲಿನಂತಾಗುತ್ತದೆ. ಒಳಗೆ ಉಸಿರುಗಟ್ಟಿಸುವ ಗಾಳಿ ತುಂಬಿದೆ ಎಂದರ್ಥ.

"ಇಲ್ಲ, ಈಗ ಇಳಿಯೋ ಹಾಗಿಲ್ಲ."

ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಪರಮೇಶ್ವರಪ್ಪನವರಿಗೆ ತಲೆಬಿಸಿ. ನಿನ್ನೆ ಕುಯ್ದ ಹಣ್ಣು ರಾಶಿ ಬಿದ್ದು ಬಿಸಿಯೇರುತ್ತಿದೆ, ತೊಟ್ಟಿ ಖಾಲಿಯಾಗದೆ ಪಲ್ಪರ್ ತಿರುಗುವಂತಿಲ್ಲ. "ಸಾಹುಕಾರ್ರ ಜೀಪು ಬರೋ ಹೊತ್ತಾಯ್ತು ಮಾರಾಯ್ರೆ. ಒಂದು ಲಾಟೀನು ಇಳ್ಸಿ ನೋಡಿದ್ರೆ ಆಗಲ್ವಾ?"

ಜಿಯಾಉದ್ದೀನ್ ಅಂಗಿಯ ತೋಳು ಮಡಚುತ್ತಾರೆ. ಮೊಣಕೈವರೆಗೂ ಸುಟ್ಟು ಸುಕ್ಕಾದ ಚರ್ಮ.

ಬಾವಿಗಿಳಿಯುವ ಮುನ್ನ ಲಾಟೀನು ಇಳಿಸುವುದು ಈ ಕಡೆಯ ರೂಢಿ. ದೀಪ ಆರಿದರೆ ಕೆಟ್ಟ ಗಾಳಿ, ಉರಿದರೆ ಧೈರ್ಯವಾಗಿ ಇಳಿಯಬಹುದು. 1976ರಲ್ಲಿ ಜಿಯಾಉದ್ದೀನ್ ಪಲ್ಪರ್ ತೊಟ್ಟಿಗೂ ಹಾಗೇ ಮಾಡಿದರು. ಕೆನೆಗಟ್ಟಿದ ಕೊಳೆಯ ಅಡಿಯಲ್ಲಿ ಸೇರಿಕೊಂಡಿದ್ದ ಗ್ಯಾಸ್ ಭುಗಿಲೆಂದಿತು. ಪಕ್ಕದಲ್ಲಿದ್ದ ಗೆಳೆಯ ಜವರಯ್ಯನ ಎರಡೂ ಕಣ್ಣು ಹೋದವು.

"ದೀಪ ಇಳ್ಸಿದ್ದು ನಾನು, ಕಣ್ಣು ಹೋಗಿದ್ದು ಅವಂದು. ಹ್ಯಾಂಗೆ ಸುಮ್ನೆ ಕೂರ್ಲಿ ಹೇಳಿ?"

ಅವರು ಸುಮ್ಮನೆ ಕೂರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಮೆಕ್ಯಾನಿಕ್, ಮೂಡಿಗೆರೆಯ ವಿಜ್ಞಾನದ ಮೇಷ್ಟ್ರು ಓಂಕಾರಪ್ಪನವರ ಮನೆಗೆ ಎರಡು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿದರು. ಸುಣ್ಣದ ನೀರಿನ ಪರೀಕ್ಷೆ ಅಲ್ಲಿ ಕಲಿತದ್ದು. ಆ ಗ್ಯಾಸನ್ನೇ ಶುದ್ಧ ಮಾಡಿ ಒಲೆಗೆ ತರುವ ಮುಂದಿನ ಕೆಲಸ ಸ್ವಂತದ ಹಟ. ತೊಟ್ಟಿಯ ಗ್ಯಾಸನ್ನು ಲೇತ್ ಯಂತ್ರದಲ್ಲಿ ಉದುರಿ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡ್ರಮ್ಮಿನ ಮೂಲಕ ಹಾಯಿಸಿದರೆ ಕೊಳೆತ ಮೊಟ್ಟೆಯ ನಾತದ ವಿಷಗಾಳಿ ಅಲ್ಲೇ ಉಳಿಯುತ್ತದೆ. ಎರಡನೇ ಡ್ರಮ್ಮಿನ ಸುಣ್ಣದ ನೀರು ಉರಿಯದ ಗಾಳಿಯನ್ನು ಹಿಡಿಯುತ್ತದೆ. ಮಿಕ್ಕದ್ದರಿಂದ ಎಸ್ಟೇಟಿನ ಒಲೆ ಉರಿಯುತ್ತದೆ. ಕಪ್ಪಾದ ತುಕ್ಕನ್ನು ಗಾಳಿಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ. ಹರಡದೆ ಗೋಣಿಗೆ ತುಂಬಿಟ್ಟು, ಅದು ತಾನೇ ಕಾದು ಗೋಣಿ ಸುಟ್ಟಮೇಲೆ ತಿಳಿದ ಪಾಠವಿದು. ಹನ್ನೊಂದು ಸಲ ಕೆಟ್ಟು ಹನ್ನೆರಡನೇ ಸಲಕ್ಕೆ ಕೆಲಸ ಕೂಡಿಬಂತು.

ಕಳೆದ ವರ್ಷ ಸಾಹುಕಾರರ ನೆಂಟರೊಬ್ಬರು ರಜೆಗೆ ಬಂದಿದ್ದರು. ಅಣುಸ್ಥಾವರದ ತ್ಯಾಜ್ಯದ ಮೇಲೆ ಸಂಶೋಧನೆ ಮಾಡುವ ರಸಾಯನಶಾಸ್ತ್ರಜ್ಞರು. ತಮ್ಮ ತೊಟ್ಟಿಗಳಲ್ಲೂ ಹೀಗೇ ಕೆನೆಗಟ್ಟಿ ಅಡಿಯಲ್ಲಿ ಗ್ಯಾಸ್ ಸೇರುವ ಭಯವಿದೆ ಎನ್ನುತ್ತಾ ಅರ್ಧ ದಿನ ಈ ಡ್ರಮ್ಮುಗಳ ಮುಂದೆ ಕೂತಿದ್ದರಂತೆ. "ಅವ್ರ ತೊಟ್ಟಿ ಹತ್ರ ಹೋಗೋಕೂ ಭಯ ಅಂತೆ. ನಮ್ದು ನಾತ ಒಂದೇ, ಪುಣ್ಯ!" ಎಂದು ಜಿಯಾಉದ್ದೀನ್ ನಗುತ್ತಾರೆ.

ಬಾಟಲಿಯ ಪರೀಕ್ಷೆ ಶುರುವಾಗಿ ಎಂಟು ವರ್ಷ, ಅರವತ್ತಮೂರು ತೊಟ್ಟಿ. ಒಂದು ಜೀವವೂ ಹೋಗಿಲ್ಲ.

ಕುಲುಮೆಯ ಬ್ಲೋವರ್ ತಿರುಗಿಸಿ ಉದ್ದದ ಪೈಪಿನಲ್ಲಿ ಹೊಸ ಗಾಳಿ ಊದುವ ಕೆಲಸ ಸಾಗಿದೆ. ಎರಡನೇ ಬಾಟಲಿಯೂ ಬೆಳ್ಳಗೆ, ಮೂರನೆಯದೂ ಬೆಳ್ಳಗೆ. ಅಷ್ಟರಲ್ಲಿ ಜೀಪು ಬಂದು ನಿಂತಿದೆ. ಸಾಹುಕಾರರ ಮುಖ ಗಂಟಾಗಿದೆ. ಜಿಯಾಉದ್ದೀನ್ ಎದ್ದು ನಮಸ್ಕರಿಸಿ, ಮತ್ತೆ ಪಂಪಿನ ಮುಂದೆ ಕೂರುತ್ತಾರೆ. "ಹಣ್ಣು ಹಾಳಾದ್ರೆ ಬೈಸ್ಕೊಳ್ತೀನಿ ಸಾರ್. ಆದ್ರೆ ಇಳ್ಸೋದಿಲ್ಲ."

ಒಂಬತ್ತೂವರೆಗೆ ನಾಲ್ಕನೇ ಬಾಟಲಿ. ಇಪ್ಪತ್ತು ಎಳೆತಕ್ಕೂ ನೀರು ತಿಳಿಯಾಗಿಯೇ ಇದೆ. ಆಗ ಹಗ್ಗದ ಇನ್ನೊಂದು ತುದಿ, ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದ ಜವರಯ್ಯನ ಕೈಗೆ ಹೋಗುತ್ತದೆ. ಕಣ್ಣಿಲ್ಲದಿದ್ದರೂ ಹಗ್ಗದ ಅದುರು ಅವರಷ್ಟು ಬೇಗ ಯಾರಿಗೂ ತಿಳಿಯದು. ಬ್ಲೋವರ್ ನಿಲ್ಲಿಸದೆ ಬೆಳ್ಳಿಯಪ್ಪನನ್ನು ಇಳಿಸುತ್ತಾರೆ. ಕಾಲು ಗಂಟೆಯ ಮೇಲೆ ಬೆಳ್ಳಿಯಪ್ಪ ಕೆಸರು ಮೆತ್ತಿದ ಮುಖದಲ್ಲಿ ಹತ್ತಿ ಬಂದು ಬೀಡಿ ಕೇಳುತ್ತಾರೆ. "ತೊಟ್ಟಿಯಿಂದ ದೂರ ಹೋಗಿ ಸೇದು" ಎಂದು ಜಿಯಾಉದ್ದೀನ್ ಗದರುತ್ತಾರೆ.

ಪತ್ರಿಕೆಯಲ್ಲಿ ಏನು ಬರಬೇಕೆಂಬ ಆಸೆ ಎಂದು ಕೇಳಿದರೆ ಜಿಯಾಉದ್ದೀನ್‌ಗೆ ಸಂಕೋಚ. "ನನ್ನ ಫೋಟೋ ಗೀಟೋ ಬೇಡ. ಪಲ್ಪರ್ ತೊಟ್ಟಿಗೆ ಲಾಟೀನು ಇಳಿಸಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಸಾಕು."

ಹಗ್ಗ ಸುತ್ತುತ್ತಿದ್ದ ಜವರಯ್ಯ ಕತ್ತೆತ್ತುತ್ತಾರೆ. "ಪೇಪರು ಬಂದ ದಿನ ನೀನೇ ಬಂದು ನಂಗೆ ಓದ್ಬೇಕು ಮಾರಾಯ. ಬೇರೆ ಯಾರು ಓದಿದ್ರೂ ನಾನು ಕೇಳೋದಿಲ್ಲ."