ಬೆನ್ನಿಗೆ ಕುರ್ಚಿ ಕಟ್ಟಿಕೊಂಡು ಬಂದವರು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಶುರು ಮಾಡಿದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದವಳು ನಾನು. ನಮ್ಮತ್ತೆಯವರ ಮುಂದೆಯೂ ಹಾಗೆ ನಕ್ಕು ಬೈಸಿಕೊಂಡಿದ್ದೇನೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಸರವಿಲ್ಲ.

ಎರಡು ಸಾವಿರದ ಇಸವಿಯ ನಂತರದ ಮಾತು. ಮಸ್ಕತ್ತಿನ ಅಲ್ ಖುವೈರ್‌ನಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದಲ್ಲಿ ನಮ್ಮ ಮನೆ. ಎದುರು ಮನೆಯಲ್ಲಿ ಮಾರ್ತಾ ಎಂಬ, ದಕ್ಷಿಣ ಅಮೆರಿಕದ ಬೊಲಿವಿಯಾದ ಹುಡುಗಿ. ಗಂಡ ತೈಲಬಾವಿಯ ಕೆಲಸಕ್ಕೆಂದು ಮರುಭೂಮಿಗೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಅವಳದು ಹರುಕುಮುರುಕು ಇಂಗ್ಲಿಷ್, ನನ್ನದು ಮೈಸೂರು ಇಂಗ್ಲಿಷ್. ಹೇಗೋ ಹೊಂದಿಕೊಂಡೆವು.

ಅವಳ ಬಾಯಲ್ಲಿ ಸದಾ ಅಪ್ಪನದೇ ಮಾತು. ಅವರ ಬೆಟ್ಟದೂರಿನಲ್ಲಿ ಅವರ ಪಂಥದ ಕ್ರೈಸ್ತರು ಮೊದಲು ಇವರ ಮನೆಯವರಷ್ಟೇ ಇದ್ದರಂತೆ. ಆಲೂಗಡ್ಡೆ ಕೂಡಿಡುವ ಕೋಣೆಯಲ್ಲಿ ಪ್ರಾರ್ಥನೆ. ಪಕ್ಕದ ಊರಿನವರು ತಮ್ಮಲ್ಲೂ ಪ್ರಾರ್ಥನೆ ಶುರು ಮಾಡಲು ಕರೆದರೆ ಅಪ್ಪ ಆ ಕೋಣೆಯ ಒಂದು ಕುರ್ಚಿಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿ ಹೋಗುತ್ತಿದ್ದರು. ಹಳೆಯ ಪ್ರಾರ್ಥನಾ ಸಭೆಯ ಕುರ್ಚಿ ಬಾರದೆ ಹೊಸ ಸಭೆ ಶುರುವಾದಂತಲ್ಲ. ಅದು ಅವರ ಪದ್ಧತಿ. ಆ ಊರಿನಿಂದ ಮುಂದಿನ ಊರಿಗೆ ಇನ್ನೊಂದು ಕುರ್ಚಿ. ಹೀಗೇ ಆ ಕಣಿವೆಯ ತುಂಬ ಅವರ ಸಭೆಗಳು ಬೆಳೆದವು.

ಮಾರ್ತಾಳ ಮನೆಯಲ್ಲೂ ಶುಕ್ರವಾರ ನಾಲ್ಕೈದು ಜನ ಸೇರಿ ಮೆಲ್ಲಗೆ ಹಾಡುತ್ತಿದ್ದರು. "ಇಲ್ಲಿಗೂ ಅಪ್ಪನೇ ಕುರ್ಚಿ ತರ್ತಾರೆ" ಎನ್ನುತ್ತಿದ್ದಳು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು. ಇವಳು ತುಂಬು ಗರ್ಭಿಣಿ, ವಿಮಾನ ಹತ್ತಲೇಕೂಡದು ಎಂದರು ಡಾಕ್ಟರು. ಒಂದೇ ಒಂದು ಸಲ ಅಪ್ಪನ ಮುಖ ನೋಡಬೇಕು ಎಂದು ದಿನವೂ ಅಳುತ್ತಿದ್ದಳು. ಅವಳನ್ನು ನೋಡಿ ನನಗೂ ಊಟ ಸೇರುತ್ತಿರಲಿಲ್ಲ.

ಒಂದು ಶುಕ್ರವಾರ ಸಂಜೆ ಮೊಸರು ತರಲು ಮೆಟ್ಟಿಲಿಳಿಯುತ್ತಿದ್ದೆ. ಜೀವ ಹಿಂಡುವ ಸೆಖೆ. ಕೆಳಗಿನಿಂದ ಒಬ್ಬರು ಮುದುಕರು ಏದುಸಿರು ಬಿಡುತ್ತ ಹತ್ತಿ ಬಂದರು. ಆ ಸೆಖೆಯಲ್ಲೂ ದಪ್ಪ ಉಣ್ಣೆಯ ಅಂಗಿ, ತಲೆಗೆ ಟೋಪಿ, ಎಡ ಹುಬ್ಬಿನ ಮೇಲೆ ಉದ್ದನೆಯ ಗಾಯದ ಕಲೆ. ಬೆನ್ನಿಗೆ ಪಟ್ಟೆಪಟ್ಟೆ ಬಟ್ಟೆಯಲ್ಲಿ ಕಟ್ಟಿದ ಮರದ ಕುರ್ಚಿ. ಪ್ರಾರ್ಥನೆಗೆ ಬಂದವರು ಕೂರಲು ಕುರ್ಚಿ ತಂದಿದ್ದಾರೆ ಎಂದುಕೊಂಡು ಗೋಡೆಗೊತ್ತಿ ದಾರಿ ಬಿಟ್ಟೆ. ತಲೆಯಾಡಿಸಿ ಮೇಲೆ ಹೋದರು.

ಹಾಡು ಮುಗಿದ ಮೇಲೆ ಮಾರ್ತಾಳನ್ನು ತಮಾಷೆಗೆ ಕೇಳಿದೆ, "ಏನಮ್ಮ, ಇವತ್ತು ಹೊಸಬ್ರು ಕುರ್ಚಿ ಸಮೇತ ಬಂದ್ರಲ್ಲ?"

ಯಾರೂ ಬಂದಿರಲಿಲ್ಲ. ಹೇಗಿದ್ದರು ಎಂದು ಕೇಳಿದಳು. ನಾನು ಹೇಳುತ್ತ ಹೋದೆ. ಹುಬ್ಬಿನ ಕಲೆಗೆ ಬಂದಾಗ "ಅದು ನಮ್ಮಪ್ಪ" ಎಂದು ಮೆಟ್ಟಿಲತ್ತ ಹೊರಟಳು. ನಾವು ಟೆರೇಸಿನವರೆಗೂ ಹುಡುಕಿದೆವು. ಕೆಳಗಿದ್ದ ವಾಚ್‌ಮನ್ ಯಾರನ್ನೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೊಲಿವಿಯಾದಿಂದ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು.

"ಅವಳ ಕಥೆ ಕೇಳಿ ಕೇಳಿ ನಿನ್ ತಲೆ ಕೆಟ್ಟಿದೆ ಕಣೆ" ಎಂದರು ನನ್ನ ಯಜಮಾನರು. ಇರಬಹುದು. ಆದರೆ ಆ ಕಲೆಯ ವಿಷಯ ಅವಳು ಎಂದೂ ಹೇಳಿರಲಿಲ್ಲ, ಅವರ ಫೋಟೋ ಕೂಡ ನಾನು ನೋಡಿರಲಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಶುಕ್ರವಾರ ಅವಳ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರತೊಡಗಿದರು. ಮಸ್ಕತ್ತಿನ ಸಭೆಗೆ ಕುರ್ಚಿ ಬಂತು ಎಂದು ಅವರಿಗೆಲ್ಲ ಸಂಭ್ರಮ. ಕಂಡದ್ದನ್ನು ಹೇಳಿ ಎಂದು ನನ್ನನ್ನು ಕರೆದು ಕೂರಿಸುತ್ತಿದ್ದರು.

ಮಾರ್ತಾ ಮಾತ್ರ ಅಲ್ಲಿ ಕೂರುತ್ತಿರಲಿಲ್ಲ. ಹೆರಿಗೆಯಾದ ಮೇಲೆ ಒಂದು ಶುಕ್ರವಾರ ಅಡುಗೆಮನೆಗೆ ಹೋದೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಬ್ಬಳೇ ಕುಳಿತಿದ್ದಳು. ನನ್ನತ್ತ ನೋಡದೆ ಕೇಳಿದಳು:

"ದಿನಾ ಬೇಡಿಕೊಂಡವಳು ನಾನು, ಸಿಸ್ಟರ್. ನನ್ನ ಬಾಗಿಲ ತನಕ ಬಂದು ನಿಮಗೆ ಮುಖ ತೋರಿಸಿ ಹೋದರು. ನೀವು ನಂಬೋರೂ ಅಲ್ಲ. ನನಗ್ಯಾಕೆ ತೋರಿಸಲಿಲ್ಲ?"

ನಡುಮನೆಯಲ್ಲಿ ಎಲ್ಲರೂ ಹಾಡುತ್ತಿದ್ದರು. ಅವರು ಕರೆದರೂ ಹೋಗದೆ ನಾನು ಅವಳ ಪಕ್ಕದಲ್ಲೇ ಕುಳಿತೆ.